ಎರಡು ಗೆರೆ

ಕೊಹ್ತ್ಲಾ-ಯಾರ್ವೆಯಲ್ಲಿ ನವೆಂಬರಿಗೆ ನಾಲ್ಕಕ್ಕೇ ಕತ್ತಲು.
ಕಲ್ಲೆಣ್ಣೆ ಸುಟ್ಟ ಬೂದಿಯ ಗುಡ್ಡದ ಬುಡದಲ್ಲಿ
ಗುರುವಾರ ನಮ್ಮ ವ್ಯಾನು ನಿಲ್ಲುತ್ತದೆ, ಬೇಕಾದವರಿಗೆ ಗೊತ್ತು.
ಹೊಸ ಸೂಜಿ, ಬ್ಯಾಂಡೇಜು, ಬಿಸಿ ಸೂಪು.
ಯಾರನ್ನೂ ಏನೂ ಕೇಳುವುದಿಲ್ಲ.

ಆವತ್ತು ಬಂದವಳು ನಮ್ಮ ಗಿರಾಕಿಯಲ್ಲ.
ಐವತ್ತು ದಾಟಿದವಳು, ಮೈಮೇಲೆ ಗಂಡು ಜಾಕೀಟು,
ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಹೊರಗೆ.
ಕ್ಲಾವ್ದಿಯಾ ಅಂದಳು, ನಾನು ಕೇಳದಿದ್ದರೂ.
ಚಾಕಲೇಟಿನ ಬೆಳ್ಳಿಕಾಗದ ತೆಗೆದಳು, ನಾಲ್ಕು ಮಡಿಕೆ.
"ಇದರ ಹೆಸರು ಹೇಳು.
ಜೇಬಲ್ಲಿದ್ದದ್ದನ್ನೆಲ್ಲ ಪೊಲೀಸರು ಒಯ್ದರು.
ಇದು ತೂತಿನಿಂದ ಅಸ್ತರಿಗೆ ಇಳಿದಿತ್ತು.
ಹೊಲಿಯಲೆಂದು ತೆಗೆದೆ."

ಹೊಲಿಯಲೆಂದು.

ಬಿಚ್ಚಿದೆ. ಎಳ್ಳಷ್ಟು ಎಂದರೂ ಹೆಚ್ಚಾಯಿತು,
ಎಳ್ಳಿಗಾದರೂ ಒಂದು ನೆರಳಿದೆ.
ನೀರು ಬೆರೆಸಿ ಪಟ್ಟಿ ಅದ್ದಿ
ಬಾಯಿಪಾಠ ಒಪ್ಪಿಸಿದೆ:
ಒಂದೇ ಗೆರೆ ಮೂಡಿದರೆ ಇದೆ,
ಎರಡು ಮೂಡಿದರೆ ಇಲ್ಲ.

ಬಗ್ಗಿ ನೋಡಿದಳು.
ಒಂದು. ಆಮೇಲೆ, ಮನಸ್ಸಿಲ್ಲದಂತೆ, ಇನ್ನೊಂದು.

"ರೋದಿಯೋನ್ ಬರುತ್ತಾನೆಂದು ತಿಳಿದದ್ದೂ ಹೀಗೇ.
ಗಣಿಯ ಹಾಸ್ಟೆಲಿನ ಬಚ್ಚಲಲ್ಲಿ ದೀಪ ಕೆಟ್ಟಿತ್ತು,
ಕಿಟಕಿಗೆ ಹಿಡಿದು ನೋಡಿದ್ದೆ.
ಆಗ ಎರಡು ಅಂದರೆ ಇದೆ ಅಂತ."

ನಾನು ಪಟ್ಟಿಯನ್ನು ಬೈದೆ. ಬೇರೇನು ಮಾಡಲಿ.
ಇದಕ್ಕೆ ಗೊತ್ತಿರುವುದು ಒಂದೇ ಹೆಸರು, ಫೆಂಟನಿಲ್.
ಹಳೇ ಪಾಪಿ. ನಮ್ಮೂರನ್ನು ಹದಿನೈದು ವರ್ಷ ಆಳಿತು.
ಅದು ತೊಲಗಿತೆಂದು ಈ ವ್ಯಾನಿನಲ್ಲೇ ಕೇಕು ಕೊಯ್ದಿದ್ದೇವೆ.
ಕುರ್ಚಿಯ ಬಿಸಿ ಆರುವ ಮೊದಲೇ
ಇನ್ನೊಂದು ಬಂದು ಕೂತಿದೆ, ಅದರ ಬೆನ್ನಿಗೆ ಮತ್ತೊಂದು.
ಯಾವುದೋ ಅಡುಗೆಮನೆಯಲ್ಲಿ ಚಮಚ ಹಿಡಿದವನಿಗೂ
ಏನು ಕಲಕುತ್ತಿದ್ದೇನೆಂದು ತಿಳಿಯದು.
ತಳ ಕಲಕದ ಚಹಾದ ಹಾಗೆ,
ಮೊದಲ ಗುಟುಕು ಸಪ್ಪೆ, ಸಕ್ಕರೆಯೆಲ್ಲ ಕೊನೆಯದಕ್ಕೆ.
ಮಾರ್ಚಿನಲ್ಲಿ ಒಂದೇ ಪೊಟ್ಟಣ ಇಬ್ಬರು ಹಂಚಿಕೊಂಡರು.
ಗ್ಲೆಬ್ ಎದ್ದು ಹಾಕಿ ಮ್ಯಾಚು ನೋಡಿದ,
ಮುಗಿದ ಮೇಲೆ ಪಕ್ಕದವನನ್ನು ಮುಟ್ಟಿದ.

ಇದನ್ನು ಅವಳಿಗೆ ಹೇಳಬಾರದಿತ್ತು.

"ಅವನೂ ಒಬ್ಬನೇ ಇರಲಿಲ್ಲ," ಅಂದಳು.
"ಗೋಡೆಯಾಚೆ ನಾನಿದ್ದೆ. ಗೊರಕೆ ಕೇಳಿಸಿತು.
ಎಷ್ಟು ದಿನಕ್ಕೆ ಕಣ್ಣಿಗೆ ನಿದ್ದೆ ಹತ್ತಿತಲ್ಲ ಎಂದು
ಸದ್ದಾಗದಂತೆ ಬಾಗಿಲು ಎಳೆದುಕೊಂಡೆ."

ಗೊರಕೆಯ ವಿಷಯ ನಮ್ಮ ಕರಪತ್ರದಲ್ಲಿದೆ.
ಐದನೆಯ ಸಾಲು, ದಪ್ಪ ಅಕ್ಷರ.
ಕಟ್ಟನ್ನು ಮೆಲ್ಲಗೆ ಸೂಪಿನ ಪಾತ್ರೆಯ ಹಿಂದೆ ಸರಿಸಿದೆ.

ಪುಡಿಯನ್ನು ತಾಲ್ಲಿನ್‌ಗೆ ಕಳಿಸುತ್ತೇನೆ, ಆರು ವಾರ ಬೇಕು ಅಂದೆ.
ಎರಡು ನಲೊಕ್ಸೋನ್ ಸ್ಪ್ರೇ ಅವಳ ಕೈಗಿಟ್ಟೆ.
"ಯಾರಿಗೆ?" ಅಂದಳು.
"ಮೆಟ್ಟಿಲಿಗೆ," ಅಂದೆ. ಬಾಯಿಗೆ ಬಂದದ್ದು ಅದೇ.
ಮೊದಲು ಆಂಬುಲೆನ್ಸಿಗೆ ಕರೆ ಮಾಡು, ಮೂಗಿಗಿಟ್ಟು ಒತ್ತು.
ಈ ಹೊಸದು ಒಂದಕ್ಕೇ ಬಗ್ಗುವುದಿಲ್ಲ,
ಏಳದಿದ್ದರೆ ಇನ್ನೊಂದು.
ಎದ್ದವರು ಬೈಯುತ್ತಾರೆ. ಬೈಯಲಿ,
ಬೈಯುವುದಕ್ಕೆ ಉಸಿರು ಬೇಕು.

ಹೆಸರು ಬಂತು. ಒಂದೂವರೆ ಸಾಲು ಉದ್ದ,
ನಡುನಡುವೆ ಅಂಕಿ, ಅಡ್ಡಗೀಟು.
ಊಟಕ್ಕೆ ಬಾ ಎಂದು ಅಂಗಳಕ್ಕೆ ಕೂಗಲಾಗದ ಹೆಸರು.
ಮಡಿಸಿ ಸ್ಟಿಯರಿಂಗಿನ ಪಕ್ಕ ಸಿಕ್ಕಿಸಿ
ಗುರುವಾರಗಳನ್ನು ಕಾದೆ.

ಬಂದಳು. ಬೂದಿಯ ಗುಡ್ಡದ ಮೇಲೆಲ್ಲ ಹಿಮ.
ಜಾಕೀಟಿನ ತೋಳು ಮಡಿಸಿ ತನ್ನಳತೆಗೆ ಹೊಲಿದುಕೊಂಡಿದ್ದಾಳೆ.
"ಹೆಸರು ಬಂದಿದೆ," ಅಂದೆ.
"ಇರಲಿ. ಎರಡೂ ಖಾಲಿ. ಇನ್ನೆರಡು ಕೊಡು."

ಯಾರನ್ನೂ ಏನೂ ಕೇಳುವುದಿಲ್ಲ ನಾವು.
ಸೂಪಿನ ಲೋಟ ಎರಡೂ ಕೈಯಲ್ಲಿ ಹಿಡಿದು
ಅವಳೇ ಅಂದಳು,
"ಮೂರನೇ ಮಹಡಿಯ ಹುಡುಗ.
ಎಂಥಾ ಬೈಗುಳ ಬೈದ ಗೊತ್ತಾ,
ನನ್ನ ಜನ್ಮದಲ್ಲಿ ಕೇಳಿರಲಿಲ್ಲ."